ಹೆಗಲ ಹುಣ್ಣಿಗೆ ಗಾಣದ ಎಣ್ಣೆ

ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದರೆ ಬೇವಿನೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಹಚ್ಚುವುದು ಕನ್ನಡ ನಾಡಿನ ಹಳೆಯ ರೂಢಿ. ಎಣ್ಣೆಯೇ ಗಾಯ ಮಾಯಿಸುತ್ತದೆಂದು ಹೊಗಳುವವರೂ ಇದ್ದಾರೆ, ಮೌಢ್ಯವೆಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರ ಲೆಕ್ಕದಲ್ಲೂ ನೊಣ ಬಿಟ್ಟುಹೋಗಿದೆ. ತೆರೆದ ಗಾಯದ ಅಂಚಿನಲ್ಲಿ ನೊಣ ಮೊಟ್ಟೆಯಿಟ್ಟರೆ ಸುಮಾರು ಒಂದು ದಿನದೊಳಗೆ ಹುಳ ಹೊರಬಂದು, ತಲೆ ಕೆಳಗೆ ಮಾಡಿ ಹಸಿ ಮಾಂಸವನ್ನು ಕೊರೆಯುತ್ತಾ ಇಳಿಯುತ್ತದೆ. ಅದು ಉಸಿರಾಡುವ ರಂಧ್ರಗಳಿರುವುದು ಬಾಲದ ತುದಿಯಲ್ಲಿ; ಆ ತುದಿ ಮಾತ್ರ ಮೇಲಿರುತ್ತದೆ. ಎಣ್ಣೆ ಸುರಿದರೆ ಆ ರಂಧ್ರ ಮುಚ್ಚಿ, ಹುಳ ಉಸಿರುಗಟ್ಟಿ ಮೇಲೇಳುತ್ತದೆ. ಆಗ ಚಿಮಟದಿಂದ ಹೆಕ್ಕಬಹುದು. ಘಾಟು ಅಡರಿದ ಗಾಯದ ಹತ್ತಿರ ಹೊಸ ನೊಣ ಸುಳಿಯುವುದೂ ಕಡಿಮೆ. ಮಾಯುವುದು ದನದ ಮೈಯ ಕೆಲಸ. ಅದಕ್ಕೆ ಅಡ್ಡಿಯಾಗುವುದನ್ನು ತಡೆಯುವುದಷ್ಟೇ ಎಣ್ಣೆಯ ಕೆಲಸ.

ಬೇವಿನಲ್ಲಿ ನಿಜವಾದ ಔಷಧ ಗುಣವಿದೆಯಲ್ಲ ಎಂದು ಕೇಳಬಹುದು. ಇದೆ, ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ 1942ರಲ್ಲೇ ಬೇವಿನೆಣ್ಣೆಯಿಂದ ನಿಂಬಿನ್ ಎಂಬ ಕಹಿ ಅಂಶವನ್ನು ಬೇರ್ಪಡಿಸಿದರು. ಆದರೆ ಗುಣವೊಂದೇ ಕಾರಣವಾಗಿದ್ದರೆ ಹೊಂಗೆ ಎಣ್ಣೆಗೂ ಅದೇ ಕೆಲಸ ಸಿಕ್ಕಿದ್ದೇಕೆ? ಸೀಮೆಎಣ್ಣೆ ಬರುವ ಮುನ್ನ ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ದೀಪ ಉರಿದದ್ದು ಹೊಂಗೆ ಎಣ್ಣೆಯಿಂದ. ಅಡುಗೆಗೆ ಬಾರದ, ಕೈಗೆಟುಕುವ ಎಣ್ಣೆ ಕೊಟ್ಟಿಗೆಗೂ ಒದಗಿತು. ಪಶು ಆಸ್ಪತ್ರೆಗಳು ಹುಳ ಬಿದ್ದ ಗಾಯಕ್ಕೆ ಬಹುಕಾಲ ಬಳಸಿದ ಟರ್ಪೆಂಟೈನ್ ಇನ್ನೂ ಗಟ್ಟಿ ಸಾಕ್ಷಿ. ಅದೂ ಪೈನ್ ಮರದ ರಾಳದಿಂದ ಇಳಿಸಿದ ಎಣ್ಣೆಯೇ. ಹಸಿ ಗಾಯಕ್ಕೆ ತಗುಲಿದರೆ ಅದು ಉರಿಯುತ್ತದೆಯೇ ಹೊರತು ತಂಪೆರೆಯುವುದಿಲ್ಲ. ಆದರೂ ಬಳಸಿದರೆಂದರೆ ಗುರಿ ಹುಳವೇ ಆಗಿತ್ತು.

ಹಳೆಯ ಪಶುವೈದ್ಯವೆಲ್ಲ ಮಂತ್ರ ತಂತ್ರವೆಂಬುದು ಇನ್ನೊಂದು ಆಕ್ಷೇಪ. 12ನೆಯ ಶತಮಾನದ ಆಸುಪಾಸಿನ, ಚಾಲುಕ್ಯ ಮನೆತನದ ಕೀರ್ತಿವರ್ಮನ ‘ಗೋವೈದ್ಯ’ದಲ್ಲಿ ಮದ್ದಿನ ಜೊತೆ ಮಂತ್ರವೂ ಇರುವುದು ನಿಜ. ಆದರೆ ಮಂತ್ರದ ಪಕ್ಕದಲ್ಲಿತ್ತು ಎಂದಮಾತ್ರಕ್ಕೆ ಮದ್ದು ಸುಳ್ಳಾಗದು. ಮನುಷ್ಯರ ವ್ರಣಕ್ಕೆ ಚಿಕಿತ್ಸೆ ಹೇಳುವ ಸುಶ್ರುತ ಸಂಹಿತೆ ಶೋಧನ ಬೇರೆ, ರೋಪಣ ಬೇರೆ ಎಂದು ಆಗಲೇ ವಿಂಗಡಿಸಿತ್ತು: ಮೊದಲು ಗಾಯ ಶುದ್ಧವಾಗಬೇಕು, ಆಮೇಲೆ ಮಾಯಬೇಕು. ಕೊಟ್ಟಿಗೆಯ ಎಣ್ಣೆಯನ್ನು ಶೋಧನದ ಸಾಲಿಗೆ ಸೇರಿಸಿದರೆ ಅದರ ಮಿತಿಯೂ ಸ್ಪಷ್ಟವಾಗುತ್ತದೆ. ಕೀವು ತೊಳೆಯದೆ ಮೇಲೆ ಎಣ್ಣೆ ಬಳಿದರೆ ಕೊಳೆ ಒಳಗೇ ಉಳಿಯುತ್ತದೆ. ಆಳದ ಗಾಯಕ್ಕೆ ಪಶುವೈದ್ಯರೇ ಬೇಕು. ಹೆಗಲಿಗೆ ಬಿಡುವು ಕೊಡದೆ ಮತ್ತೆ ನೊಗ ಹೂಡಿದರೆ ಯಾವ ಎಣ್ಣೆಯೂ ಕೈಹಿಡಿಯದು.