‘ಪರ್ಸೆಪೊಲಿಸ್’: ಪುಟವಿನ್ಯಾಸ ಮತ್ತು ಸಿದ್ಧಮಾದರಿಯ ನಿರಾಕರಣೆ

ಇರಾನಿನ ರಶ್ತ್ ನಗರದಲ್ಲಿ 1969ರಲ್ಲಿ ಹುಟ್ಟಿ ಟೆಹರಾನಿನಲ್ಲಿ ಬೆಳೆದ ಮರ್ಜಾನೆ ಸತ್ರಪಿಯವರ ಚಿತ್ರರೂಪದ ಆತ್ಮಕಥನ ‘ಪರ್ಸೆಪೊಲಿಸ್’ 2000ದಿಂದ 2003ರವರೆಗೆ ಫ್ರೆಂಚ್ ಭಾಷೆಯಲ್ಲಿ ನಾಲ್ಕು ಸಂಪುಟಗಳಾಗಿ ಹೊರಬಂತು. 1979ರ ಕ್ರಾಂತಿಯ ತರುವಾಯ ಪಾಶ್ಚಾತ್ಯ ಕಲ್ಪನೆಯಲ್ಲಿ ಇರಾನ್ ಎಂದರೆ ಮತಾಂಧತೆ, ಇರಾನಿ ಹೆಣ್ಣೆಂದರೆ ಕಪ್ಪು ಬಟ್ಟೆಯೊಳಗಿನ ಮೂಕಜೀವ ಎಂಬ ಚಿತ್ರ ಬೇರೂರಿತ್ತು. ಕೃತಿ ಇದನ್ನು ವಾದ ಹೂಡಿ ಖಂಡಿಸುವುದಕ್ಕಿಂತ ಹೆಚ್ಚಾಗಿ ಪುಟದ ವಿನ್ಯಾಸದಿಂದಲೇ ಸಡಿಲಗೊಳಿಸುತ್ತದೆ.

ಶಾಲೆಯಲ್ಲಿ ತಲೆವಸ್ತ್ರ ಕಡ್ಡಾಯವಾದ 1980ರಿಂದ ಕಥನ ಆರಂಭವಾಗುತ್ತದೆ. ಮೊದಲ ಚೌಕಟ್ಟಿನಲ್ಲಿ ಹತ್ತು ವರ್ಷದ ಮರ್ಜಿ, ಅಂದರೆ ಬಾಲಕಿ ಸತ್ರಪಿ, ಒಬ್ಬಳೇ. ಪಕ್ಕದ್ದು ತರಗತಿಯ ಫೋಟೊ, ಅದರಲ್ಲಿ ಸಾಲಾಗಿ ಕುಳಿತ ನಾಲ್ವರು ಸಹಪಾಠಿಗಳು. ಉಡುಪು ಒಂದೇ, ಭಂಗಿಯೂ ಹೆಚ್ಚುಕಡಿಮೆ ಒಂದೇ. ಆದರೆ ನಾಲ್ವರಿಗೂ ಹೆಸರಿದೆ. ತಲೆವಸ್ತ್ರದಂಚಿನ ಕೂದಲು, ಮುಖಭಾವ ಬೇರೆಬೇರೆ. ಮರ್ಜಿ ಈ ಚಿತ್ರದ ಎಡ ಅಂಚಿನಲ್ಲಿ ಕತ್ತರಿಸಿಹೋಗಿದ್ದಾಳೆ. ಗುಂಪಿನೊಳಗೆ ವ್ಯಕ್ತಿ ಕಾಣೆಯಾಗುವುದನ್ನು ವಿವರಿಸಲು ಇಲ್ಲಿ ಬೇರೆ ಮಾತು ಬೇಕಾಗಿಲ್ಲ. ಅದೇ ಪುಟದ ಅಡಿಯಲ್ಲಿ ಹುಡುಗಿಯರು ಆ ವಸ್ತ್ರವನ್ನೇ ಸ್ಕಿಪ್ಪಿಂಗ್ ಹಗ್ಗವಾಗಿ, ಕುದುರೆಯ ಲಗಾಮಾಗಿ ಬಳಸಿ ಆಡುತ್ತಾರೆ.

ಕಥನದ ದನಿಯೂ ಇಬ್ಬಗೆಯದು. ಚೌಕಟ್ಟಿನ ಬರಹದಲ್ಲಿ ಪ್ರೌಢ ನಿರೂಪಕಿ, ಮಾತಿನ ಗುಳ್ಳೆಯಲ್ಲಿ ಬಾಲಕಿ. ದೇವರು ಮಾರ್ಕ್ಸ್‌ನಂತೆ ಕಾಣುತ್ತಾನೆಂದು ನಂಬಿದ ಹುಡುಗಿಯನ್ನು ‘ದಮನಿತ ಮುಸ್ಲಿಂ ಬಾಲಕಿ’ ಎಂಬ ಸಿದ್ಧ ಅಚ್ಚಿಗೆ ಇಳಿಸುವುದು ಸುಲಭವಲ್ಲ.

ಸತ್ರಪಿಯವರದು ಸುಶಿಕ್ಷಿತ, ಎಡಪಂಥೀಯ ಒಲವಿನ, ಅನುಕೂಲಸ್ಥ ಕುಟುಂಬ. ‘ಇವರೂ ನಮ್ಮಂತೆಯೇ’ ಎಂದು ಪಾಶ್ಚಾತ್ಯ ಓದುಗ ಸಮಾಧಾನಪಟ್ಟುಕೊಳ್ಳಲು ಅದು ಅನುವು ಮಾಡಿಕೊಡುತ್ತದೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಇರಾನ್–ಇರಾಕ್ ಯುದ್ಧಕಾಲದ ‘ಕೀಲಿಕೈ’ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮರ್ಜಿಯ ಮನೆಗೆಲಸದಾಕೆಯ ಮಗನಿಗೆ ಶಾಲೆಯಲ್ಲಿ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕೀಲಿ ಕೊಡುತ್ತಾರೆ. ಯುದ್ಧದಲ್ಲಿ ಸತ್ತರೆ ಸ್ವರ್ಗದ ಬಾಗಿಲು ತೆರೆಯುತ್ತದೆಂಬ ಭರವಸೆಯೊಂದಿಗೆ. ಅಧ್ಯಾಯದ ಕೊನೆಯ ಪುಟದ ಮೇಲ್ಭಾಗದಲ್ಲಿ ಕೊರಳಿಗೆ ಕೀಲಿ ತೂಗಿಸಿಕೊಂಡ ಬಡ ಹುಡುಗರು ನೆಲಬಾಂಬಿಗೆ ಸಿಕ್ಕಿ ಸಿಡಿಯುತ್ತಾರೆ. ಅವರು ಮುಖವಿಲ್ಲದ ಕಪ್ಪು ಆಕೃತಿಗಳು. ಕೆಳಗೆ, ತೂತುಗಳುಳ್ಳ ಸ್ವೆಟರ್ ತೊಟ್ಟ ಮರ್ಜಿ ಪಾರ್ಟಿಯಲ್ಲಿ ಕುಣಿಯುತ್ತಾಳೆ. ಎರಡೂ ಕಡೆ ಮೈಗಳು ಗಾಳಿಯಲ್ಲಿ ಹಾರಿದ ಭಂಗಿ ಒಂದನ್ನೊಂದು ಹೋಲುತ್ತದೆ.

‘ಇರಾನಿಗಳು’ ಎಂಬ ಏಕರೂಪದ ಸಮೂಹವನ್ನು ಈ ಪುಟ ವರ್ಗದ ನೆಲೆಯಲ್ಲಿ ಸೀಳುತ್ತದೆ. ಜೊತೆಗೆ ಲೇಖಕಿಯ ಸವಲತ್ತನ್ನೂ ಬಯಲಿಗಿಡುತ್ತದೆ. ಕೃತಿಯ ಮೇಲಿನ ವರ್ಗಸಂಬಂಧಿ ಆಕ್ಷೇಪಕ್ಕೆ ಇದು ಪೂರ್ಣ ಉತ್ತರವಲ್ಲ: ಸತ್ತ ಹುಡುಗರಿಗೆ ಇಲ್ಲಿ ಮುಖವೂ ಇಲ್ಲ, ಮಾತೂ ಇಲ್ಲ.