ಸೂಚಿಯ ಲೆಕ್ಕ ಮತ್ತು ರ‍್ಯಾಮ್‌ನ ಖರ್ಚು: ಕೆಜಿಎಫ್, ಬಂಗಾರಪೇಟೆ ಕಾಲೇಜುಗಳ ಕ್ಯಾಶಿಂಗ್ ಪ್ರಾಕ್ಸಿ ಕುರಿತು ಒಂದು ತಕರಾರು

ಕ್ಯಾಶಿಂಗ್ ಪ್ರಾಕ್ಸಿಗೆ ಯಂತ್ರ ಕೊಳ್ಳುವಾಗ ಮೊದಲು ರ‍್ಯಾಮ್, ಆಮೇಲೆ ಡಿಸ್ಕಿನ ವೇಗ, ಕೊನೆಗೆ ಪ್ರೊಸೆಸರ್ ಎಂಬುದರಲ್ಲಿ ಹೆಚ್ಚು ಭಿನ್ನಮತವಿಲ್ಲ. ಕ್ಯಾಶ್ ಎಷ್ಟೇ ಹಿಗ್ಗಿದರೂ ಹಿಟ್ ಪ್ರಮಾಣ ಲಾಗರಿದಮ್ ಗತಿಯಲ್ಲಷ್ಟೇ ಏರುತ್ತದೆಂದು ಲೀ ಬ್ರೆಸ್ಲಾವ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದ್ದನ್ನೂ ಇಲ್ಲಿ ಒಪ್ಪಿಕೊಂಡೇ ಹೊರಟಿದ್ದೇನೆ. ತಕರಾರಿರುವುದು ಸ್ಕ್ವಿಡ್ ಎಂಬ ಕ್ಯಾಶಿಂಗ್ ಪ್ರಾಕ್ಸಿ ತಂತ್ರಾಂಶದ ದಾಖಲೆಗಳಲ್ಲಿರುವ ಒಂದು ಸೂತ್ರದ ಬಗ್ಗೆ: 64 ಬಿಟ್ ಯಂತ್ರದಲ್ಲಿ ಡಿಸ್ಕ್ ಕ್ಯಾಶಿನ ಪ್ರತಿ ಗಿಗಾಬೈಟಿಗೆ ಸೂಚಿಗೆಂದೇ (ಇಂಡೆಕ್ಸ್) 14 ಮೆಗಾಬೈಟ್ ರ‍್ಯಾಮ್ ಬೇಕು.

ಈ ಲೆಕ್ಕ ಎಲ್ಲಿಂದ ಬಂತು? ಸ್ಕ್ವಿಡ್ ಒಂದು ಕಡತದ ಸರಾಸರಿ ಗಾತ್ರವನ್ನು 13 ಕಿಲೋಬೈಟ್ ಎಂದು ಹಿಡಿಯುತ್ತದೆ. ಆಗ ಗಿಗಾಬೈಟಿಗೆ ಸುಮಾರು 80,000 ಕಡತಗಳಾಗುತ್ತವೆ. ಒಂದೊಂದಕ್ಕೆ 180 ಬೈಟ್ ಆಸುಪಾಸು ಸೂಚಿ. ಅಂದರೆ ರ‍್ಯಾಮ್ ತಿನ್ನುವುದು ಕಡತಗಳ ಎಣಿಕೆಯೇ ಹೊರತು ಡಿಸ್ಕಿನ ಗಾತ್ರವಲ್ಲ.

ಈಗ ಕೆಜಿಎಫ್‌ನ ಊರಿಗಾಂ ಅಥವಾ ಬಂಗಾರಪೇಟೆಯ ಕಾಲೇಜೊಂದರಲ್ಲಿ 60 ಉಬುಂಟು ಗಣಕಗಳ ಲ್ಯಾಬ್ ಇದೆಯೆಂದುಕೊಳ್ಳಿ. ವಿದ್ಯಾರ್ಥಿಗಳು ತೆರೆಯುವ ಪುಟಗಳೆಲ್ಲ ಎಚ್‌ಟಿಟಿಪಿಎಸ್. ಪ್ರಾಕ್ಸಿಗೆ ಕಾಣುವುದು ಯಾವ ತಾಣಕ್ಕೆ ಸಂಪರ್ಕ ಎಂಬುದಷ್ಟೇ, ಒಳಗಿನದ್ದಲ್ಲ. ಕ್ಯಾಶಿಗೆ ದಕ್ಕುವುದು ಬಹುಪಾಲು ಸಾದಾ ಎಚ್‌ಟಿಟಿಪಿಯಲ್ಲಿ ಬರುವ ಉಬುಂಟು ಪ್ಯಾಕೇಜುಗಳು. ಅವುಗಳ ಸರಾಸರಿ 1 ಮೆಗಾಬೈಟ್ ಎಂದಿಟ್ಟುಕೊಂಡರೆ ಗಿಗಾಬೈಟಿಗೆ ಬೇಕಾದ ಸೂಚಿ 0.2 ಮೆಗಾಬೈಟನ್ನೂ ಮುಟ್ಟದು. 100 ಗಿಗಾಬೈಟಿಗೆ ಹಳೆಯ ಸೂತ್ರ ಕೇಳುವುದು 1,400 ಮೆಗಾಬೈಟ್. ಇಲ್ಲಿ 20ರೊಳಗೇ ಮುಗಿಯುತ್ತದೆ. ಇಂಥ ಲ್ಯಾಬಿಗೆ ಸೂಚಿಯ ಹೆಸರಿನಲ್ಲಿ ಹೆಚ್ಚು ರ‍್ಯಾಮ್ ಕೊಳ್ಳುವುದು ಬಹುಶಃ ದುಂದು ಎಂಬುದು ನನ್ನ ವಾದ. ಬಹುಶಃ ಎಂದೆ, ಏಕೆಂದರೆ 1 ಮೆಗಾಬೈಟ್ ಎಂಬುದು ಊಹೆ. ಅದು 100 ಕಿಲೋಬೈಟಿಗೆ ಇಳಿದರೆ ಲೆಕ್ಕ ಹತ್ತು ಪಟ್ಟು ಏರುತ್ತದೆ, ಆದರೂ ಹಳೆಯ ಸೂತ್ರಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಡಿಸ್ಕಿನ ಓದು ಚುರುಕಾಗಲು ಆಪರೇಟಿಂಗ್ ಸಿಸ್ಟಂ ಬಳಸುವ ರ‍್ಯಾಮ್‌ಗೂ ಈ ಮಾತು ಅನ್ವಯಿಸದು.

ಇನ್ನೊಂದು ಷರತ್ತು: ಸ್ಕ್ವಿಡ್ ಮೂಲ ಸ್ಥಿತಿಯಲ್ಲಿ 4 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಡಿಸ್ಕಿನಲ್ಲಿ ಉಳಿಸದು. ಮಿತಿ ಏರಿಸದಿದ್ದರೆ ದೊಡ್ಡ ಪ್ಯಾಕೇಜುಗಳು ಪ್ರತಿ ಸಲವೂ ಹೊರಗಿನಿಂದಲೇ ಬರುತ್ತವೆ. ಡಿಸ್ಕ್ ಎಷ್ಟು ದೊಡ್ಡದಿದ್ದೇನು?

ಉಳಿದ ಹಣ ಯುಪಿಎಸ್‌ಗೆ ಹೋಗಲಿ. ಕರೆಂಟ್ ದಿಢೀರನೆ ಹೋದರೆ ಸ್ಕ್ವಿಡ್ ಸೂಚಿಯನ್ನು ಮತ್ತೆ ಕಟ್ಟಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಕೆಜಿಎಫ್‌ಗೆ ಈ ಸಲಹೆ ಕೊಡಬೇಕಾಗಿರುವುದು ವಿಚಿತ್ರವೇ. ಚಿನ್ನದ ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳ ಸಣ್ಣ ಧೂಳು ಗಾಳಿಗೆ ಏಳುವ ಊರಲ್ಲಿ ಫ್ಯಾನ್ ಮುಂದೆ ಜಾಲರಿಯೂ ಇರಬೇಕು.

ಉಳಿದಿರುವ ಪ್ರಶ್ನೆ ಸರಾಸರಿ ಗಾತ್ರದ್ದು. ಅದನ್ನು ಸ್ಥಳೀಯ ದಾಖಲೆಗಳೇ ನಿರ್ಧರಿಸಬೇಕು. ಪ್ರಾಕ್ಸಿ ನಡೆಸುವ ಕಾಲೇಜುಗಳು ಬಳಕೆದಾರರ ಗುರುತು ಅಳಿಸಿ ಒಂದು ಸೆಮಿಸ್ಟರಿನ ಲಾಗ್ ಒದಗಿಸಿದರೆ ಈ ಲೆಕ್ಕವನ್ನು ಪರೀಕ್ಷಿಸಬಹುದು.