ಪತ್ರಿಕೆಯ ಪೂರ್ತಿ ಬೆಲೆ ಕೊಟ್ಟವರು ಯಾರು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದಾಗ ಅದರ ಬೆನ್ನಿಗೆ ಬಾಸೆಲ್ ಮಿಷನ್ನಿನ ಅಚ್ಚುಕೂಟವಿತ್ತು. ಅಲ್ಲಿಂದಾಚೆಗೆ ನಮ್ಮ ಪತ್ರಿಕೆಗಳ ಚರಿತ್ರೆಯನ್ನು ಸಂಪಾದಕೀಯಗಳ ಬದಲು ಜಮಾಖರ್ಚಿನ ಕಡೆಯಿಂದ ಓದಿದರೆ, ಓದುಗ ಕೊಟ್ಟ ಕಾಸಿನಿಂದಲೇ ಬದುಕಿದ ಪತ್ರಿಕೆ ಬಲು ಅಪರೂಪ. 1948ರಲ್ಲಿ 'ಪ್ರಜಾವಾಣಿ'ಯನ್ನು ಶುರುಮಾಡಿದ ಕೆ.ಎನ್. ಗುರುಸ್ವಾಮಿಯವರು ಅಬಕಾರಿ ಗುತ್ತಿಗೆಯಲ್ಲಿ ಹಣ ಗಳಿಸಿದವರು. 1970ರ 'ಉದಯವಾಣಿ'ಗೆ ಮಣಿಪಾಲದ ಪೈ ಕುಟುಂಬದ ಉದ್ಯಮಗಳ ಆಸರೆಯಿತ್ತು. 1999ರಲ್ಲಿ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು 'ವಿಜಯ ಕರ್ನಾಟಕ' ತಂದಾಗ ಲೆಕ್ಕಾಚಾರ ಇನ್ನೂ ನಿಚ್ಚಳವಾಯಿತು: ಬೆಲೆ ಇಳಿಸು, ಪ್ರಸಾರ ಏರಿಸು, ಆ ಪ್ರಸಾರ ತೋರಿಸಿ ಜಾಹೀರಾತು ತಾ. ಏಳು ವರ್ಷದೊಳಗೆ ಆ ಪತ್ರಿಕೆ ಟೈಮ್ಸ್ ಸಮೂಹದ ಪಾಲಾಯಿತು. ಪತ್ರಿಕೆ ಅಗ್ಗದ ವಸ್ತು ಎಂಬ ನಂಬಿಕೆ ಓದುಗರಲ್ಲಿ ಬೇರೂರಿದ್ದು ಹೀಗೆ. ಬಾಕಿ ಹಣವನ್ನು ಬೇರೆ ಯಾರೋ ತುಂಬುತ್ತಿದ್ದರು.

ಆದ್ದರಿಂದ 'ಜನ ಓದುವುದನ್ನು ಬಿಟ್ಟರು, ಪತ್ರಿಕೆ ಸೊರಗಿತು' ಎನ್ನುವುದು ಅರ್ಧ ಸತ್ಯ. ಸುದ್ದಿಯನ್ನು ಜನ ಈಗಲೂ ಓದುತ್ತಾರೆ, ಮೊಬೈಲಿನಲ್ಲಿ. ಜಾಗ ಬದಲಿಸಿದ್ದು ಬಾಕಿ ತುಂಬುತ್ತಿದ್ದ ಜಾಹೀರಾತುದಾರ. ಮನೆ ಬಾಡಿಗೆ, ಹಳೆಯ ವಾಹನ, ವಧೂವರರ ಪುಟ್ಟ ಜಾಹೀರಾತುಗಳು ಅವಕ್ಕೆಂದೇ ಇರುವ ಜಾಲತಾಣಗಳಿಗೆ ಹೋದವು. ದೊಡ್ಡ ಕಂಪನಿಗಳ ಜಾಹೀರಾತು ಹಣದ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ಗಳತ್ತ ಹರಿಯಿತು. ಸುದ್ದಿ ಮೊಬೈಲಿಗೆ ಹೋದರೆ ಕಾಗದ, ಅಚ್ಚು, ಸಾಗಣೆಯ ಖರ್ಚು ಉಳಿಯಿತಲ್ಲ ಎಂದು ಕೇಳುವವರಿದ್ದಾರೆ. ಅದು ನಿಜವಾದ ಉಳಿತಾಯವೇ. 2019ರಲ್ಲಿ ಆಮದು ಮುದ್ರಣ ಕಾಗದಕ್ಕೆ ಶೇ 10 ಸುಂಕ ಬಿದ್ದಾಗ ಪತ್ರಿಕೆಗಳು ತತ್ತರಿಸಿದ್ದವು. ಆದರೆ ತಾಲ್ಲೂಕು ಪಂಚಾಯಿತಿ ಸಭೆಗೆ ಹೋಗಿ ಕೂರುವ, ಎಪಿಎಂಸಿಯ ದರ ವಿಚಾರಿಸುವ, ನ್ಯಾಯಾಲಯದ ದಾಖಲೆ ಓದುವ ವರದಿಗಾರನ ಸಂಬಳ ಕಾಗದ ಇಲ್ಲವಾದ ಮಾತ್ರಕ್ಕೆ ಇಳಿಯುವುದಿಲ್ಲ. ಖರ್ಚಿಗೆ ಕತ್ತರಿ ಹಾಕುವಾಗ ಮೊದಲು ಹೋಗುವವನೂ ಅವನೇ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುತ್ತದೆ.

ಕನ್ನಡಿಗರು ಸುದ್ದಿಗೆ ದುಡ್ಡು ಬಿಚ್ಚುವುದಿಲ್ಲ ಎಂಬ ಆಕ್ಷೇಪಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. 1980ರಲ್ಲಿ ಹುಟ್ಟಿದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನೇ ಮುಟ್ಟದೆ, ಮಾರಾಟದ ಹಣದಲ್ಲೇ ನಡೆಯಿತು. ಅದು ವಾರಪತ್ರಿಕೆ, ಅದರ ಹಿಂದೆ ಲಂಕೇಶರಂಥ ಒಬ್ಬ ಲೇಖಕನಿದ್ದ, ದಿನಪತ್ರಿಕೆಗೆ ಆ ಮಾದರಿ ಒಗ್ಗದು ಎನ್ನಬಹುದು. ಒಪ್ಪತಕ್ಕ ಮಾತೇ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ಕಟ್ಟಿದ 'ಮುಂಗಾರು' ದಿನಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೂ ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಜನ ಎರಡಕ್ಕೂ ಹಣ ಕೊಟ್ಟರು. ಷೇರು ಕೊಂಡವನು ಕೊಟ್ಟದ್ದು ಒಂದೇ ಸಲ. ಪ್ರತಿ ವಾರ ಅಂಗಡಿಯಲ್ಲಿ ಕೊಂಡವನು ಮತ್ತೆ ಮತ್ತೆ ಕೊಟ್ಟ. ದಿನಪತ್ರಿಕೆಯ ಖರ್ಚಾದರೋ ದಿನವೂ ಇರುವಂಥದ್ದು. ಹಾಗಾಗಿ ಮೂಲ ಬಂಡವಾಳಕ್ಕಾಗಿ ದಾನಿಗಳನ್ನೋ ಉದ್ಯಮಿಗಳನ್ನೋ ಹುಡುಕುವುದಕ್ಕಿಂತ, ಸಣ್ಣದಾದರೂ ತಿಂಗಳು ತಿಂಗಳು ಬರುವ ಚಂದಾ ಹಣವನ್ನು ಜಿಲ್ಲೆಯ ವರದಿಗಾರಿಕೆಗೆ ಮೀಸಲಿಟ್ಟು, ಅದನ್ನು ಚಂದಾದಾರರಿಗೆ ತಿಳಿಸಿ ನಡೆಯುವ ಪತ್ರಿಕೆಗೇ ಬದುಕುವ ಅವಕಾಶ ಹೆಚ್ಚು.